ಕಚ್ಚಾ ಟಾಕಿಯ ಪಿಂಜರಾ

‘ಟಿಣ್’ ಎಂದಿತು.

ಪಾತ್ರೆಯ ಅಂಚಿಗೆ ಬಳೆ ತಾಕಿದರೆ ಆಗುವಷ್ಟು ಸಣ್ಣ ಸದ್ದು. ಎಲ್ಲರೂ ಮಲಗಿದ ಮೇಲೆ ಗ್ಯಾಸ್ ಬಂದಾಗಿದೆಯೇ, ಹಿತ್ತಲ ಬಾಗಿಲಿನ ಚಿಲಕ ಬಿದ್ದಿದೆಯೇ ಎಂದು ನೋಡಿ ಬಂದು ಮಲಗುವುದು ನನ್ನ ರೂಢಿ. ಮಲಗಿದ ಮೇಲೂ ಕಿವಿಗೆ ನಿದ್ದೆ ಬರುವುದಿಲ್ಲ. ವಾಡಿ ಜಂಕ್ಷನ್ನಿನ ಗೂಡ್ಸ್ ಡಬ್ಬಿಗಳು ಒಂದಕ್ಕೊಂದು ಬಡಿಯುವುದಾಗಲಿ, ಸಿಮೆಂಟ್ ಫ್ಯಾಕ್ಟರಿಯ ಗುಂಯ್ ಎನ್ನುವ ದನಿಯಾಗಲಿ ಈಗ ನನಗೆ ಕೇಳಿಸುವುದೇ ಇಲ್ಲ. ಈ ಸದ್ದು ಮಾತ್ರ ನಮ್ಮ ಅಂಗಳದಿಂದಲೇ ಬಂದಿತ್ತು.

ಕಿಟಕಿಯಿಂದ ನೋಡಿದೆ. ಅಮಾವಾಸ್ಯೆಯ ರಾತ್ರಿ. ಬೀದಿದೀಪದ ಬೆಳಕು ಕಾಂಪೌಂಡ್ ದಾಟಿ ಬಂದು ಜೀಪಿನ ಮೇಲೆ ಬಿದ್ದಿತ್ತು. ಟಾಪಿಲ್ಲದ ಜೀಪು. ಮೊದಲು ತಗಡಿನ ಟಾಪು ಇದ್ದಲ್ಲಿ ಈಗ ಕರಿ ಬಣ್ಣದ ದಪ್ಪ ಪೈಪುಗಳು ಕಮಾನಿನಂತೆ ಬಾಗಿ ನಿಂತಿದ್ದವು. ಗಾಡಿ ಪಲ್ಟಿಯಾದರೆ ಒಳಗಿದ್ದವರ ತಲೆ ಉಳಿಯಲೆಂದು ಹಾಕುವ ಚೌಕಟ್ಟು ಅದು. ನನ್ನ ಮೈದುನ ಚೌಡೇಶ ಅದನ್ನು ರೋಲ್ ಕೇಜ್ ಎನ್ನುತ್ತಿದ್ದ, ಮನೆಯಲ್ಲಿ ಉಳಿದವರೆಲ್ಲ ಪಿಂಜರಾ ಎನ್ನುತ್ತಿದ್ದರು. ಸಂಜೆಯ ಪೂಜೆಯ ಚೆಂಡುಹೂವಿನ ಮಾಲೆ ಇನ್ನೂ ಅದರ ಮೇಲಿತ್ತು.

ಟಾಪು ಕೊಯ್ದು ಪಿಂಜರಾ ಹಾಕಿಸಿದ್ದು ಚೌಡೇಶನ ಹೆಂಡತಿ ರಾಧಿಕಾಳಿಗಾಗಿ.

ಜೀಪು ಮಾವನವರದು. ಖಂಡಪ್ಪ ಎಂದರೆ ಶಹಾಬಾದಿನ ಹಳೆಯ ಜನಕ್ಕೆ ಇಂದಿಗೂ ಜೀಪಿನ ಖಂಡಪ್ಪನೇ. ಟಂಟಂ ಆಟೋಗಳು ಬರುವ ಮೊದಲು ಶಹಾಬಾದಿನಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ ಜನ ತುಂಬಿಸಿಕೊಂಡು ಓಡಿಸುತ್ತಿದ್ದರು. ಅಮಾವಾಸ್ಯೆಗೆ ನಾಲವಾರದ ಮಠಕ್ಕೆ ಹೋಗುವವರನ್ನು ಟಾಪಿನ ಮೇಲೂ ಕೂರಿಸುತ್ತಿದ್ದರು. ಬಾಡಿಗೆ ಓಡಿಸುವುದು ನಿಂತು ವರ್ಷಗಳಾದರೂ ಒಂದು ಪದ್ಧತಿ ಅವರು ಬಿಟ್ಟಿಲ್ಲ. ಅಮಾವಾಸ್ಯೆಯ ಸಂಜೆ ಜೀಪು ಅಂಗಳದಲ್ಲಿರಬೇಕು. ತೊಳೆದು, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಆ ದಿನ ಅದು ಬೇರೆಯವರ ಜಾಗದಲ್ಲಿ ನಿಲ್ಲಬಾರದು.

ನಾನು ಈ ಮನೆಗೆ ಬಂದದ್ದು ಆ ತಗಡಿನ ಟಾಪಿನ ಕೆಳಗೇ. ಚಿತ್ತಾಪುರದಿಂದ, ಮದುವೆಯ ಹಂಡೆ ಗಾದಿಗಳ ನಡುವೆ, ಹಿಂದಿನ ಸೀಟಿನಲ್ಲಿ. ಮುಂದೆ ಅತ್ತೆ ಬಸ್ಸಮ್ಮ ಕುಳಿತಿದ್ದರು. ಅಂದಿನಿಂದ ಈವರೆಗೆ ಮುಂದಿನ ಸೀಟು ನನಗೆ ಸಿಕ್ಕಿಲ್ಲ. ಹೊಸದರಲ್ಲಿ ಒಮ್ಮೆ, ನನಗೂ ಓಡಿಸುವುದು ಕಲಿಸಿ ಎಂದು ಮಾವನವರನ್ನು ಕೇಳಿದ್ದೆ. ಬಿ.ಎ. ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳಲು ಆಗಷ್ಟೇ ಸೇರಿದ್ದೆ. ಹೋಗಿಬರಲು ಅನುಕೂಲವಾಗುತ್ತದೆ ಎಂಬ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ, ವಿನಯ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಕೇಳಿದ್ದೆ.

“ಕ್ಲಚ್ ಭಾಳ ಬಿರುಸು ಅದವ್ವ. ಹೆಣ್ಮಕ್ಕಳ ಕಾಲಿಗಿ ಆಗೂದಲ್ಲ,” ಎಂದಿದ್ದರು ಮಾವ.

ರಾಧಿಕಾ ಬಂದ ವರ್ಷವೇ ಆ ಕ್ಲಚ್ಚು ಮೆತ್ತಗಾಯಿತು. ಅವಳು ಕೊಡ್ಲಿಯವಳು, ತವರಿನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಕಲಿಸಿ ಎಂದು ಕೇಳಲೂ ಇಲ್ಲ. “ಮಾವಾ, ಚಾವಿ ಎಲ್ಲದರಿ?” ಎಂದಳು, ಅಷ್ಟೇ. ಮಾವ ನಗುತ್ತ ಹೋಗಿ ಪಕ್ಕದಲ್ಲಿ ಕುಳಿತರು. ಮರಳಿ ಬಂದಾಗ ಇಬ್ಬರ ತಲೆಯ ಮೇಲೂ ಸಿಮೆಂಟಿನ ಬಿಳಿ ದೂಳು, ಇಬ್ಬರ ಮುಖದಲ್ಲೂ ನಗು. ನಾನು ನೀರು ಕೊಟ್ಟೆ. ಕೊಡುವಾಗ ಅವಳ ಎಡಗಾಲನ್ನು ನೋಡಿದೆ. ನನ್ನ ಕಾಲಿಗಿಂತ ದಪ್ಪವೇನೂ ಇರಲಿಲ್ಲ.

ರಾಧಿಕಾ ಮದುವೆಗಳ ಫೋಟೊ ತೆಗೆಯುತ್ತಾಳೆ. ಲಗ್ನಕ್ಕೆ ಮೊದಲು ಹುಡುಗ ಹುಡುಗಿಯನ್ನು ಚಿಂಚೋಳಿಯ ಕಾಡಿಗೆ ಕರೆದೊಯ್ದು ಫೋಟೊ ತೆಗೆಸುವ ಹುಕಿ ಈಗ ಸೇಡಂ, ಚಿತ್ತಾಪುರದ ಮನೆಗಳಿಗೂ ಬಂದಿದೆ. ತೆರೆದ ಜೀಪು ಇದ್ದರೆ ಫೋಟೊಕ್ಕೆ ಕಳೆ ಬರುತ್ತದೆ ಎಂದಳು. ಮಾವ ಹೂಂ ಅಂದರು. ಟಾಪು ಕೊಯ್ಯಬೇಡಿ ಎಂದು ನಾನು ಹೇಳಿದ್ದೆ. ಮಳೆಗಾಲದಲ್ಲಿ ಸೀಟು ಕೊಳೆಯುತ್ತದೆ, ಫರ್ಸಿ ಕಲ್ಲಿನ ಖಣಿಯ ರಸ್ತೆಗಳಲ್ಲಿ ದೂಳು ಕುಡಿಯಬೇಕಾಗುತ್ತದೆ, ಕೊಯ್ದದ್ದನ್ನು ಮತ್ತೆ ಕೂಡಿಸಲಾಗದು ಎಂದು ಒಂದೊಂದೇ ಕಾರಣ ಕೊಟ್ಟಿದ್ದೆ. ಎಲ್ಲವೂ ಸರಿಯಾದ ಕಾರಣಗಳೇ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡು,

“ಕಾಲೇಜ್ ಕಲತಾಕಿ ನೋಡ್ರಿ. ಹೊಟ್ಟಿ ಉರದ್ರೂ ಎಷ್ಟ್ ನೆಟ್ಟಗ ಮಾತಾಡ್ತಾಳ,” ಎಂದರು.

ಎಲ್ಲರೂ ನಕ್ಕರು. ನಮ್ಮ ಮನೆಯವರು, ಅಣವೀರ, ಅವರೂ ನಕ್ಕರು. ಕೊಯ್ದ ಟಾಪನ್ನು ತಂದು ಬೇವಿನ ಮರಕ್ಕೆ ಒರಗಿಸಿದರು. ಈಗ ಅದರ ಕೆಳಗೆ ಕೋಳಿಗಳು ಮಲಗುತ್ತವೆ.

ಮತ್ತೆ ‘ಟಿಣ್’.

ಚಪ್ಪಲಿ ಹಾಕದೆ ಅಂಗಳಕ್ಕಿಳಿದೆ. ಅಣವೀರ ರೈಲ್ವೆ ಯಾರ್ಡಿನಲ್ಲಿ, ಚೌಡೇಶ ಫ್ಯಾಕ್ಟರಿಯಲ್ಲಿ, ಇಬ್ಬರೂ ರಾತ್ರಿ ಪಾಳಿಯಲ್ಲಿದ್ದರು. ಅಂಗಳದ ಫರ್ಸಿ ಮಾರ್ಚಿನ ಬಿಸಿಲನ್ನು ಇನ್ನೂ ಹಿಡಿದಿಟ್ಟುಕೊಂಡಿತ್ತು. ಮೊಬೈಲಿನ ಬೆಳಕು ಬಿಟ್ಟು ಜೀಪಿನ ಸುತ್ತ ನೋಡಿದೆ. ಬೆಕ್ಕಿಲ್ಲ, ಇಲಿಯಿಲ್ಲ.

ಬಂದ ಕೆಲಸ ಮುಗಿದಿತ್ತು, ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಡ್ರೈವರ್ ಸೀಟಿಗೆ ಹತ್ತಿ ಕುಳಿತೆ. ಬೆಳಕು ಆರಿಸಿದೆ. ಸೀಟಿನ ಮೇಲೆ ರಾಧಿಕಾಳ ದುಪಟ್ಟಾ ಇತ್ತು. ತೆಗೆದು ಆಚೆ ಹಾಕಿದೆ. ಸ್ಟೇರಿಂಗ್ ಹಿಡಿದು ಎಡಗಾಲಿನಿಂದ ಕ್ಲಚ್ ತುಳಿದೆ. ಬಿರುಸೇ ಇತ್ತು. ಆದರೆ ಹೋಯಿತು, ತಳದ ತನಕ ಹೋಯಿತು. ಮಾವ ಅವಳಿಗೆ ಹೇಳಿಕೊಡುವಾಗ ಅಡುಗೆಮನೆಯ ಕಿಟಕಿಯಿಂದ ನೋಡಿ ಕಲಿತಂತೆ ಗೇರು ಹಾಕಿದೆ: ಮುಂದೆ, ಹಿಂದೆ, ಪಕ್ಕಕ್ಕೆ ಸರಿಸಿ ಮತ್ತೆ ಮುಂದೆ. ತಲೆಯ ಮೇಲೆ ಏನೂ ಇರಲಿಲ್ಲ, ಬರೇ ಚುಕ್ಕೆಗಳು. ಎಲ್ಲಿಗೂ ಹೋಗದ ಗಾಡಿಯಲ್ಲಿ ಚಿತ್ತಾಪುರ ದಾಟಿದೆ, ಸೇಡಂ ದಾಟಿದೆ. ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳಲಿಲ್ಲ.

ಆಗ ನನ್ನ ತಲೆಯ ಹಿಂದೆಯೇ ‘ಟಿಣ್’ ಎಂದಿತು.

ಬೆಳಕು ಬಿಟ್ಟೆ. ಮುಂದಿನ ಎರಡು ಸೀಟುಗಳ ಹಿಂದೆ, ತಲೆಗಿಂತ ತುಸು ಮೇಲೆ, ಅಡ್ಡಪೈಪೊಂದು ಹೋಗಿತ್ತು. ಅದು ನೆಟ್ಟಗೆ ನಿಂತ ಪೈಪನ್ನು ಕೂಡುವಲ್ಲಿ ಹೊಸ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು. ಉಗುರಿನಿಂದ ಬಣ್ಣ ಕೆರೆದೆ. ಕೆಳಗೆ ಸುತ್ತಲೂ ವೆಲ್ಡಿಂಗ್ ಇರಲಿಲ್ಲ. ಅಲ್ಲೊಂದು ಇಲ್ಲೊಂದು, ಕುಂಕುಮದ ಬೊಟ್ಟಿನಂಥ ಚುಕ್ಕೆ ಮಾತ್ರ. ಅದರಲ್ಲೂ ಒಂದೆರಡು ಒಡೆದಿದ್ದವು. ಹಗಲೆಲ್ಲ ಕಾದ ಕಬ್ಬಿಣ ತಣ್ಣಗಾಗುತ್ತ ಬಿಗಿದುಕೊಂಡು ಆ ಚುಕ್ಕೆಗಳನ್ನು ಕೀಳುತ್ತಿತ್ತು.

ವೆಲ್ಡಿಂಗ್ ಅಂಗಡಿಯ ರಿಹಾನ ಹೇಳಿದ್ದು ನೆನಪಾಯಿತು. ಮಾವ ಅಲ್ಲಿ ಕುಳಿತಿದ್ದಾಗ ಅವರಿಗೆ ಬುತ್ತಿ ಕೊಡಲು ಹೋದ ದಿನ ನಾನು ಪೈಪು ಹಿಡಿದು ಒಳಗೆ ಇಣುಕಿದ್ದೆ.

“ಭಾಬಿ, ಅದರ ಮ್ಯಾಲ ಭಾರ ಹಾಕಬ್ಯಾಡ್ರಿ,” ಎಂದಿದ್ದ. “ಈಗ ಬರೇ ಕಚ್ಚಾ ಟಾಕಿ ಹಾಕೀನಿ. ನೀವು ಜಂಪರ್ ಹೊಲಿಯೂಕಿಂತ ಮೊದಲ ದಾರ ಹಾಕಿ ನೋಡ್ತೀರಲ್ಲ, ಹಂಗ. ಎಲ್ಲಾರೂ ಕುಂತು ನೋಡಬೇಕು, ತಲಿಗಿ ಬಡೀತದೇನು ಅಂತ. ಆಮ್ಯಾಲ ಪೂರಾ ಪಿಂಜರಾ ಕೆಳಗಿಳಿಸಿ ಸುತ್ತ ಪಕ್ಕಾ ಹೊಲಿಗಿ.”

ಆ ಪಕ್ಕಾ ಹೊಲಿಗೆಗೆ ಮೊದಲೇ ಅಮಾವಾಸ್ಯೆ ಬಂದಿತ್ತು. ಜೀಪು ಅಂಗಡಿಯಲ್ಲಿ ನಿಲ್ಲಕೂಡದೆಂದು ಮಾವ ಹಟ ಹಿಡಿದರು. ಮೈಮೇಲೆ ಬಣ್ಣವಿಲ್ಲದ ಕಬ್ಬಿಣಕ್ಕೆ ಕಾಯಿ ಒಡೆಯುವುದು ಹೇಗೆ ಎಂದು ಅತ್ತೆ ತಕರಾರು ತೆಗೆದರು. ಚೌಡೇಶ ಇಬ್ಬರಿಗೂ ಸಮಾಧಾನವಾಗಲೆಂದು ಟಾಕಿಗಳ ಮೇಲೇ ಕರಿ ಬಣ್ಣ ಬಳಿದು, ಮೆಲ್ಲಗೆ ಓಡಿಸಿ ತಂದು ನಿಲ್ಲಿಸಿ, “ಯಪ್ಪಾ, ನಾಳಿ ನಾ ಬಂದ ಮ್ಯಾಲ ಅಂಗಡಿಗಿ ಹೊಳ್ಳಿ ಒಯ್ಯೂದದ,” ಎಂದು ಮಾವನಿಗೆ ಹೇಳಿ ಪಾಳಿಗೆ ಹೋಗಿದ್ದ. ರಂಗೋಲಿ ಹಾಕುತ್ತಿದ್ದ ನಾನು ಅದನ್ನು ಕೇಳಿಯೂ ಬಣ್ಣದ ಕೆಲಸ ಏನೋ ಬಾಕಿ ಇದೆ ಎಂದುಕೊಂಡಿದ್ದೆ.

ಅವನು ಹೋದ ಮೇಲೆ ಸೇಡಂನಲ್ಲಿ ಫೋಟೊ ಕೆಲಸ ಮುಗಿಸಿ ರಾಧಿಕಾ ಬಂದಳು. ಕರ‍್ರಗೆ ಮಿರುಗುವ ಪಿಂಜರಾ ನೋಡಿ ಅದರ ಸುತ್ತ ಸುಮ್ಮನೆ ಒಂದು ಸುತ್ತು ನಡೆದಳು. ಮರುದಿನ ಕೊಡ್ಲಿಯಲ್ಲಿ ಅವಳ ಬಸುರಿ ತಂಗಿಯ ಕುಬಸ. ಅತ್ತೆ ಮಾವನನ್ನು ಇದರಲ್ಲೇ ಕರೆದೊಯ್ಯುತ್ತೇನೆ ಎಂದಳು. ಮಾವ ಮೀಸೆಯಲ್ಲಿ ನಕ್ಕರೇ ಹೊರತು ಮಗ ಹೇಳಿದ್ದನ್ನು ಹೇಳಲಿಲ್ಲ.

“ಅತ್ತಿ, ನೀವು ಮುಂದ ಕುಂದ್ರಿ. ಅಕ್ಕಾ, ನೀವೂ ಬರ‍್ತೀರಿಲ್ಲೋ?” ಎಂದು ರಾಧಿಕಾ ಕೇಳಿದ್ದಳು.

“ಆಕಿಗಿ ಸಾಲಿ ಅದ,” ಎಂದು ನನ್ನ ಪರವಾಗಿ ಅತ್ತೆ ಹೇಳಿದ್ದರು.

ದುಪಟ್ಟಾವನ್ನು ಮೊದಲಿದ್ದ ಹಾಗೆಯೇ ಸೀಟಿನ ಮೇಲಿಟ್ಟು ಒಳಗೆ ಬಂದೆ. ಚೌಡೇಶನಿಗೆ ಫೋನ್ ಮಾಡಿದೆ. ಪಾಳಿಗೆ ಇಳಿಯುವವರು ಫೋನನ್ನು ಗೇಟಿನ ಹತ್ತಿರದ ಕಪಾಟಿನಲ್ಲಿಟ್ಟು ಹೋಗುತ್ತಾರೆ; ಅದು ಹೊಡೆದುಕೊಂಡು ಸುಮ್ಮನಾಯಿತು. ಮಾವನನ್ನು ಎಬ್ಬಿಸಲು ಅವರ ಮಂಚದ ತನಕ ಹೋದೆ. ಏನೆಂದು ಹೇಳಲಿ? ಬಿರುಕು ಬಿಟ್ಟಿದೆ ಎಂದರೆ, ಇಷ್ಟೊತ್ತಿನಲ್ಲಿ ಜೀಪಿನ ಹತ್ತಿರ ನಿನಗೇನು ಕೆಲಸ ಎನ್ನುತ್ತಾರೆ. ಸದ್ದಾಯಿತು ಎಂದರೆ, ಸದ್ದಾದದ್ದು ನಿನಗೊಬ್ಬಳಿಗೇ ಹೇಗೆ ಕೇಳಿತು ಎನ್ನುತ್ತಾರೆ. ರಿಹಾನ ಹೇಳಿದ್ದ ಎಂದರೆ, ಅದು ಬಣ್ಣ ಬಳಿಯುವ ಮೊದಲಿನ ಮಾತು ಎನ್ನುತ್ತಾರೆ. ಬೆಳಗಿನ ತನಕ ಮಾತುಗಳನ್ನು ಆರಿಸಿದೆ, ಬಿಟ್ಟೆ, ಮತ್ತೆ ಆರಿಸಿದೆ. ಒಂದಾದರೂ ಹೊಟ್ಟೆಕಿಚ್ಚಿನ ವಾಸನೆ ಇಲ್ಲದ ಮಾತು ಸಿಗಲಿಲ್ಲ.

ಬಿಸಿಲೇರುವ ಮೊದಲು ಹೊರಡಬೇಕೆಂದು ಮೂವರೂ ನಸುಕಿನಲ್ಲೇ ತಯಾರಾದರು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು, ಮುಂದಿನ ಸೀಟಿಗೆ ಹತ್ತಲು ಪರದಾಡುತ್ತಿದ್ದರು.

“ಟಾಪ್ ಕೊಯ್ದೀರಿ, ಮೆಟ್ಟಿಲ ಯಾಕ್ ಹಚ್ಚಿಲ್ಲವ್ವ?”

“ಮುಂದಿನ ಅಮಾಸಿಗಿ ಕುರ್ಚಿ ಹಚ್ಚಸ್ತೀನ್ರಿ ಅತ್ತಿ, ಕುಂತಲ್ಲೇ ಮ್ಯಾಲ ಎತ್ತತದ,” ಎಂದಳು ರಾಧಿಕಾ. ಮಾವ ಹಿಂದಿನ ಸೀಟಿನಲ್ಲಿ ಕುಬಸದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದರು.

ನಾನು ಹತ್ತಿರ ಹೋದೆ.

“ಇವತ್ತ ಇದ್ರಾಗ ಹೋಗಬ್ಯಾಡ್ರಿ. ಪಿಂಜರಾ ಇನ್ನ ಪಕ್ಕಾ ಆಗಿಲ್ಲ.”

“ಹೊಂಟ ಗಾಡಿಗಿ ಅಡ್ಡ ಬಂದು ಹಿಂಗ ಮಾತಾಡ್ತಾರೇನವ್ವ?” ಎಂದರು ಅತ್ತೆ.

ಮಾವ ನನ್ನ ಮುಖ ನೋಡಲಿಲ್ಲ. “ನಾ ಯಾ ಪಿಂಜರಾನೂ ಇಲ್ದೇ ನಾಲವಾರಕ್ಕ ಮಂದಿ ಹೇರಕೊಂಡು ಹೋದಾವ. ಒಬ್ಬರದ ಚಪ್ಪಲ್ ಸೈತ ಕೆಳಗ ಬಿದ್ದಿಲ್ಲ.”

ರಾಧಿಕಾ ಮಾತ್ರ ಚಾವಿ ತಿರುವುವ ಕೈ ತಡೆದು ಕೇಳಿದಳು. “ಪಕ್ಕಾ ಆಗಿಲ್ಲಂತ ನಿಮಗ ಹ್ಯಾಂಗ ಗೊತ್ತಾತ್ರಿ ಅಕ್ಕಾ?”

ಅವಳ ದುಪಟ್ಟಾ ಈಗ ಅವಳ ಕುತ್ತಿಗೆಯಲ್ಲಿತ್ತು. ಅವಳ ಕೈ ಸ್ಟೇರಿಂಗಿನ ಮೇಲೆ, ರಾತ್ರಿ ನನ್ನ ಕೈ ಇದ್ದಲ್ಲೇ ಇತ್ತು. ‘ರಾತ್ರಿ ನಾನು…’ ಎಂದು ಬಾಯಿ ತೆರೆದರೆ ಎಲ್ಲವೂ ಹೊರಗೆ ಬರುತ್ತಿತ್ತು. ಕುಬಸದ ಬುಟ್ಟಿ ಹಿಡಿದು ನಗುವ ಈ ಜನ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು.

“ಹಂಗ ಅನಸ್ತದ,” ಎಂದೆ. ರಾತ್ರಿಯೆಲ್ಲ ಆರಿಸಿದ್ದರಲ್ಲಿ ಅತಿ ಕೆಟ್ಟ ಮಾತು.

“ಅನಸ್ತದಂತ,” ಅತ್ತೆ ಮಾವನ ಕಡೆ ತಿರುಗಿದರು. “ರಾಧಿಕಾ ಈ ಮನಿಗಿ ಕಾಲಿಟ್ಟಾಗಿಂದ ಈಕಿಗಿ ಏನರೆ ಒಂದು ಅನಸಾಕತ್ತದ. ಹೋಗವ್ವ, ಒಲಿ ಮ್ಯಾಲ ಹಾಲ ಅದ.”

ನಾನು ಒಳಗೆ ಹೋದೆ. ಹಾಲಿನ ಕೆಳಗಿನ ಉರಿ ಆರಿಸಿದೆ. ಹೊರಗೆ ಎಂಜಿನ್ ಎರಡು ಸಲ ಕೆಮ್ಮಿ ಹತ್ತಿತು. ಹೋಗಲಿ ಎನ್ನಿಸಿತು. ಸಿಟ್ಟಿನಿಂದಲ್ಲ, ತಣ್ಣಗೆ, ಸ್ಪಷ್ಟವಾಗಿ ಎನ್ನಿಸಿತು. ಹೇಳಬೇಕಾದದ್ದು ಹೇಳಿದ್ದೇನೆ, ಇನ್ನು ಹೋಗಲಿ. ಸೇಡಂ ದಾಟಿದ ಮೇಲೆ ರಸ್ತೆ ಹೇಗಿದೆ ಎಂದು ನನಗೆ ಗೊತ್ತು. ಯಾವ ಗುಂಡಿಯಲ್ಲಿ ಗಾಡಿ ಕುಣಿಯುತ್ತದೆ, ಆಗ ಆ ಅಡ್ಡಪೈಪು ಯಾರ ತಲೆಯ ಹಿಂದೆ ಇರುತ್ತದೆ ಎಂಬುದೂ ಗೊತ್ತು. ಅದನ್ನು ನಾನು ಕಣ್ಣಾರೆ ಕಂಡಂತೆ ಕಂಡೆ, ಕಂಡೂ ಒಂದು ಉಸಿರು ಸುಮ್ಮನೆ ನಿಂತೆ.

ಆಮೇಲೆ ಓಡಿದೆ. ಜೀಪು ಗೇಟಿನ ಕಡೆ ಮೂತಿ ತಿರುಗಿಸಿತ್ತು. ರಾಧಿಕಾ ನನ್ನನ್ನು ಕಂಡು ಬ್ರೇಕ್ ಒತ್ತಿದಳು. ನಾನು ಅವಳ ಪಕ್ಕದ ಬಾಗಿಲಂಚಿನ ಮೇಲೆ ಕಾಲಿಟ್ಟು, ಅವಳ ತಲೆಯ ಹಿಂದಿನ ಅಡ್ಡಪೈಪನ್ನು ಎರಡೂ ಕೈಯಿಂದ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ನನ್ನ ಕಡೆಗೆ ಜಗ್ಗಿದೆ. ತೋರಿಸಲು ಜಗ್ಗಿದೆನೋ ಮುರಿಯಲು ಜಗ್ಗಿದೆನೋ, ಈಗಲೂ ಹೇಳಲಾರೆ. ಒಂದು ಜಗ್ಗಿಗೆ ಏನೂ ಆಗಲಿಲ್ಲ. ಇನ್ನೊಂದಕ್ಕೆ ಟಣ್ ಟಣ್ ಎಂದು ಉಳಿದ ಚುಕ್ಕೆಗಳು ಹಾರಿ, ಪೈಪಿನ ತುದಿ ಕಿತ್ತು ನನ್ನ ಹೆಗಲ ಮೇಲೆ ಬಿತ್ತು. ನಾನು ಫರ್ಸಿಯ ಮೇಲೆ ಕುಳಿತುಬಿಟ್ಟೆ. ಚೆಂಡುಹೂವಿನ ಮಾಲೆ ನನ್ನ ಮಡಿಲಲ್ಲಿ ಬಿದ್ದಿತ್ತು.

“ಮುರದಳು,” ಎಂದರು ಅತ್ತೆ. “ನೋಡ್ರಿ, ಮುರದ ಬಿಟ್ಟಳು. ಇಷ್ಟೂ ಇರ‍್ತದೇನವ್ವ ಹೊಟ್ಟ್ಯಾಗ?”

ರಾಧಿಕಾ ಎಂಜಿನ್ ಬಂದ್ ಮಾಡಿ ಕೆಳಗಿಳಿದಳು. ನನ್ನನ್ನು ನೋಡಿ, ಆಮೇಲೆ ಕಿತ್ತ ಪೈಪಿನ ಬಾಯಿಯ ಮೇಲೆ ಬೆರಳಾಡಿಸಿದಳು. ನನ್ನ ಉಗುರು ಬಣ್ಣ ಕೆರೆದಿದ್ದ ಜಾಗದಲ್ಲಿ ಅವಳ ಬೆರಳು ತುಸು ನಿಂತಿತು.

“ಮಾವಾ, ಇದು ವೆಲ್ಡಿಂಗ್ ಅಲ್ರಿ. ಬರೇ ಟಾಕಿ.”

ಮಾವ ಬುಟ್ಟಿಯನ್ನು ಪಕ್ಕಕ್ಕಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಚೌಡ್ಯಾ ಏನೋ ಅಂದಿದ್ದ. ಹೊಳ್ಳಿ ಒಯ್ಯೂದದ ಅಂದಿದ್ದ. ಕೊಡ್ಲಿ ತನ ಏನಾಗ್ತದ ಅಂತ ನಾನ…”

“ಏನಾಗ್ತದ ಅಂದ್ರ?” ಅತ್ತೆ ಸೀಟಿನಲ್ಲೇ ಪೂರ್ತಿ ಹಿಂದೆ ತಿರುಗಿದರು. “ನನ್ನ ತಲಿ ಮ್ಯಾಲ ಬೀಳ್ತಿತ್ತಲ್ಲೋ ಮುದುಕಾ. ಹೊಸ ಸೀರಿ ಉಡಿಸಿ ಕುಂಡ್ರಿಸಿ ಒಯ್ಯಾಕತ್ತಿದ್ದೆಲ್ಲ.” ಅಷ್ಟು ಹೇಳಿದವರು ನನ್ನ ಕಡೆ ನೋಡಿದರು, ಮತ್ತೆ ಅನುಮಾನ ಬಂತು. “ಹೌದು, ಈಕಿಗಿ ಹ್ಯಾಂಗ ಗೊತ್ತಾತು?”

ಉತ್ತರ ಕೊಟ್ಟದ್ದು ರಾಧಿಕಾ.

“ಅಕ್ಕ ಬುತ್ತಿ ಕೊಡಾಕ ರಿಹಾನಭಾಯಿ ಅಂಗಡಿಗಿ ಹೋಗಿದ್ರಲ್ರಿ. ಆಗ ನೋಡಿರಬೇಕು.”

ಅತ್ತೆ ತಲೆಯಾಡಿಸಿದರು. ಕೊಡ್ಲಿಗೆ ಬಸ್ಸಿನಲ್ಲಿ ಹೋಗುವುದೆಂದಾಯಿತು. ಮಾವ ಚಾವಿಯನ್ನು ಯಾರ ಕೈಗೂ ಕೊಡದೆ ಅಂಗಿಯ ಕಿಸೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಾಧಿಕಾ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ, ಅರಿಶಿಣ ಬಿಸಿ ಮಾಡಿ ತಂದು ಹೆಗಲಿಗೆ ಹಚ್ಚತೊಡಗಿದಳು. ಅವಳ ಕೈ ಹಗುರವಾಗಿತ್ತು. ಅದೂ ನನಗೆ ಸೇರಲಿಲ್ಲ.

“ರಾತ್ರಿ ಸೆಕಿ ಅಂತ ನಾ ಮಾಳಿಗಿ ಮ್ಯಾಲ ಮಲಗಿದ್ದೆ,” ಎಂದಳು, ಹೆಗಲನ್ನೇ ನೋಡುತ್ತ.

ನಾನು ಸೆರಗು ಸರಿಪಡಿಸಿಕೊಂಡೆ.

“ನೀವು ಸ್ಟೇರಿಂಗ್ ಹಿಡದು ಕುಂತಿದ್ದು ನೋಡೀನಿ. ಗೇರ್ ಹಾಕಿದ್ದೂ ನೋಡೀನಿ. ಬರೋಬ್ಬರಿ ಹಾಕಾಕತ್ತಿದ್ರಿ.”

ಹೆಗಲಿಗಿಂತ ಮುಖ ಹೆಚ್ಚು ಉರಿಯಿತು. ನನ್ನದೆಂದು ಇದ್ದ ಅಷ್ಟು ಹೊತ್ತನ್ನೂ ಮೇಲಿನಿಂದ ಅವಳು ನೋಡುತ್ತಿದ್ದಳು. ಬರೋಬ್ಬರಿ ಎಂದು ಹೇಳುವ ಹಕ್ಕು ಕೂಡ ಅವಳದೇ.

“ಮತ್ತ ಮುಂಜಾನಿ ಯಾಕ ಹೇಳಲಿಲ್ಲ, ಎಲ್ಲಾರ ಮುಂದ?” ಎಂದು ಕೇಳಿದೆ.

“ನೀವು ಹೇಳೂದಾಗಿದ್ರ ನೀವ ಹೇಳ್ತಿದ್ರಿ.” ಅವಳು ಬಟ್ಟಲಿನ ತಳಕ್ಕಂಟಿದ ಅರಿಶಿಣವನ್ನು ಬೆರಳಿನಿಂದ ಬಳಿದಳು. “ನಾ ಯಾರ ಮುಂದೂ ಹೇಳಂಗಿಲ್ರಿ ಅಕ್ಕಾ. ನಮ್ಮ ಮನಿಯವ್ರ ಮುಂದೂ ಹೇಳಂಗಿಲ್ಲ.”

ಯೋಚಿಸಿ ಹೇಳಿದ ಮಾತಿನಂತೆ ಇರಲಿಲ್ಲ ಅದು. ಚಾವಿ ಎಲ್ಲದರಿ ಎಂದು ಕೇಳಿದ ದಿನದಷ್ಟೇ ಸಲೀಸಾಗಿ ಹೇಳಿದಳು. ಅವಳು ಹೇಳಿದಂತೆಯೇ ನಡೆದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಾಯಿತು, ಗೊತ್ತಾಗಿ ಹೊಟ್ಟೆಯಲ್ಲಿ ಮತ್ತೆ ಅದೇ ಹಳೆಯ ಉರಿ ಎದ್ದಿತು.

ಹೊರಗೆ ಕಟ್ಟೆಯಿಂದ ಮಾವ ಕೂಗಿದರು. “ಏನ್ ಮಾತಾಡಾಕತ್ತೀರವ್ವ ಅಷ್ಟೊತ್ತಿನಿಂದ? ಬಸ್ ಹೋಗ್ತದ.”

ರಾಧಿಕಾ ಕೈ ತೊಳೆದುಕೊಳ್ಳಲು ಎದ್ದಳು.

“ಏನಿಲ್ರಿ ಮಾವಾ,” ಎಂದಳು. “ಅರಿಶಿಣ ಸಾಕೇನಂತ ಅಕ್ಕಗ ಕೇಳಾಕತ್ತಿದ್ದೆ.”